ತಲೆಗೆ ಹತ್ತದ ಸುಣ್ಣ

ನೀವು ನಂಬುವುದಾದರೆ ಅಂಥ ಒಂದು ಊರು ಇತ್ತು ಎನ್ನುತ್ತೇನೆ. ನಂಬದಿದ್ದರೆ ಅದು ಈಗಲೂ ಇದೆ, ನಾನು ಅಲ್ಲಿನ ಒಂದು ಅಟ್ಟದ ಮೇಲೆ ಕೂತೇ ಇದನ್ನು ಹೇಳುತ್ತಿದ್ದೇನೆ.

ಆ ಊರಿಗೆ ಒಂದೇ ಕಟ್ಟಳೆ. ತನ್ನ ಸೂರಿನ ಕೆಳಗೆ ಯಾರೂ ತಲೆ ಬಗ್ಗಿಸಿ ಬಾಳಬಾರದು. ಬೀದಿಯಲ್ಲಿ ಬಗ್ಗಿಸಲಿ, ಬಾವಿಕಟ್ಟೆಯಲ್ಲಿ ಬಗ್ಗಿಸಲಿ, ದೇವರ ಮುಂದೆ ಬಗ್ಗಿಸಲಿ, ಅದು ಅವರವರ ಇಷ್ಟ. ಮಲಗಿ ಏಳುವ ಜಾಗದಲ್ಲಿ ಮಾತ್ರ ಪ್ರತಿಯೊಬ್ಬರೂ ನೆಟ್ಟಗೆ ನಿಲ್ಲುವಂತಿರಬೇಕು. ಹಾಗೆ ನಿಲ್ಲುವ ಸೂರು ಇಲ್ಲದವರು ಮೂರು ಹುಣ್ಣಿಮೆ ಕಾಯಬಹುದು, ಆಮೇಲೆ ಊರಬಾಗಿಲು ದಾಟಬೇಕು. ಸೂರಿದ್ದೂ ಅದರ ಕೆಳಗೆ ಬಗ್ಗುವವರು ಏನೋ ತಪ್ಪು ಮಾಡಿದವರೇ ಇರಬೇಕು ಎಂದು ಊರು ತಿಳಿಯುತ್ತಿತ್ತು. ಅಂಥವರು ಚಾವಡಿಯ ಮುಂದೆ ನಿಂತು ತಪ್ಪನ್ನು ಹೇಳಿಕೊಳ್ಳಬೇಕು. ಹೇಳದಿದ್ದರೆ ಅವರಿಗೂ ಊರಬಾಗಿಲೇ ದಾರಿ.

ಊರಿನ ಸುತ್ತ ಗೋಡೆ. ಗೋಡೆಯೊಳಗೆ ಜನ ಹೆಚ್ಚಿದರು, ಮನೆಗಳು ಹೆಚ್ಚಲಿಲ್ಲ. ಆಗ ಎಲ್ಲರ ಕಣ್ಣೂ ಅಟ್ಟದ ಕಡೆಗೆ ತಿರುಗಿತು. ಅಟ್ಟದಲ್ಲಿ ಏನಿರುತ್ತದೆ? ಕುಂಬಳಕಾಯಿ, ಹುಣಸೆಹಣ್ಣಿನ ಮಡಕೆ, ಕಾಲು ಮುರಿದ ತೊಟ್ಟಿಲು, ಹಲ್ಲಿ. ಅವನ್ನೆಲ್ಲ ಇಳಿಸಿ ಅಲ್ಲಿ ಮನುಷ್ಯರನ್ನು ಹತ್ತಿಸಬಹುದೇ? ಊರೆಲ್ಲ ಕೇಳುತ್ತಿದ್ದ ಈ ಪ್ರಶ್ನೆಗೆ ಉತ್ತರ ಹೇಳುವವನು ಒಬ್ಬನೇ. ಅಳತೆಗಾರ. ಅಂದರೆ ನಾನು.

ಓದು ಬರಹ ನನಗಿಲ್ಲ. ಅಕ್ಷರಗಳು ನನ್ನ ಕಣ್ಣಿಗೆ ಬೆಲ್ಲ ಹುಡುಕುವ ಇರುವೆಗಳ ಹಾಗೆ ಕಾಣುತ್ತವೆ. ಆದರೆ ಅಟ್ಟದ ವಿಷಯ ನನ್ನನ್ನು ಕೇಳಿ! ಬೀದಿಯಲ್ಲಿ ನಿಂತು ಮೂಗರಳಿಸಿದರೆ ಸಾಕು, ಯಾವ ಮನೆಯ ಯಾವ ಜಂತೆಗೆ ಗೆದ್ದಲು ಹಿಡಿದಿದೆ ಎಂದು ಹೇಳುತ್ತಿದ್ದೆ. ಒಮ್ಮೆ ಒಂದು ಅಟ್ಟದಲ್ಲಿ ಸೀನು ಬಂತು. ಸೀನಿದೆ. ಮಾಡಿನ ಹಂಚುಗಳೆಲ್ಲ ಒಟ್ಟಿಗೆ ಮೇಲೆದ್ದು, ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತವು. ಹತ್ತು ವರ್ಷದಿಂದ ಸೋರುತ್ತಿದ್ದ ಮಾಡು ಅಂದಿನಿಂದ ಸೋರಲಿಲ್ಲ. ಮಾರನೇ ವರ್ಷ ಪಕ್ಕದ ಮನೆಯವರು ಬಂದು, ನಮ್ಮಲ್ಲೂ ಒಂದು ಸಲ ಸೀನಿ ಹೋಗಿ ಎಂದು ವೀಳ್ಯ ಕೊಟ್ಟು ಕರೆದರು. ಇದು ನಿಜ. ಮುಂದೆ ಹೇಳುವುದು ಇಷ್ಟು ಸೊಗಸಾಗಿಲ್ಲ, ಆದರೆ ಇದಕ್ಕಿಂತ ನಿಜ.

ನನ್ನನ್ನು ಅಳತೆಗಾರನನ್ನಾಗಿ ಮಾಡಿದ್ದು ನನ್ನ ಎತ್ತರ ನೋಡಿ. ಆ ಕಾಲಕ್ಕೆ ಊರಿನಲ್ಲಿ ನನ್ನಷ್ಟು ಎತ್ತರದವರು ಇನ್ನೊಬ್ಬರಿರಲಿಲ್ಲ. ನಾನು ನೆಟ್ಟಗೆ ನಿಂತ ಕಡೆ ಯಾರು ಬೇಕಾದರೂ ನಿಲ್ಲಬಹುದು, ಅಷ್ಟು ಸರಳ. ಕೋಲಿಲ್ಲ, ದಾರವಿಲ್ಲ, ನನ್ನ ಮೈಯೇ ಊರಿನ ಅಳತೆ. ಚಾವಡಿಯ ಮುಂದಿನ ಮರದ ಕಂಬಕ್ಕೆ ನನ್ನನ್ನು ಒರಗಿಸಿ, ನೆತ್ತಿಯ ಮಟ್ಟಕ್ಕೆ ಉಳಿಯಿಂದ ಒಂದು ಗೀರು ಹೊಡೆದರು. ವರ್ಷಕ್ಕೊಮ್ಮೆ ಬಂದು ಆ ಗೀರಿನ ಕೆಳಗೆ ನಿಲ್ಲು ಎಂದರು. ಆಗಲಿ ಎಂದೆ. ಕಾಗೆಗಳು ಕೂಡ ಮರವೆಂದು ತಿಳಿದು ನನ್ನ ಹೆಗಲ ಮೇಲೆ ಕೂತು ಆಮೇಲೆ ನಾಚಿಕೊಂಡು ಹಾರಿಹೋಗುತ್ತಿದ್ದ ಕಾಲ ಅದು.

ಅಟ್ಟ ನೋಡುವ ಕ್ರಮ ಹೀಗೆ. ಕಾಲು ತೊಳೆದು ಏಣಿ ಹತ್ತುತ್ತೇನೆ. ನಡುವೆ ನಿಂತು ಹಿಮ್ಮಡಿಯಿಂದ ಮೂರು ಸಲ ಗುದ್ದಿ ಕೇಳುತ್ತೇನೆ: ನೆಲವೇ, ಹೊರುತ್ತೀಯಾ? ಹಲಗೆ ಗಟ್ಟಿ ದನಿಯಲ್ಲಿ ಹ್ಞೂಂ ಅನ್ನಬೇಕು, ಗೊಣಗಬಾರದು. ಬೆಳಕಿಂಡಿಗೆ ಒದ್ದೆ ಬಟ್ಟೆ ಕಟ್ಟಿ ಕೇಳುತ್ತೇನೆ: ಗಾಳಿಯೇ, ಬರುತ್ತೀಯಾ? ನಾನು ಎರಡು ಸಲ ಎಲೆ ಅಡಿಕೆ ಹಾಕುವುದರೊಳಗೆ ಬಟ್ಟೆ ಒಣಗಬೇಕು. ಕೊನೆಗೆ ನಡುತೊಲೆಯ ಅಡಿಗೆ ಹಸಿ ಸುಣ್ಣ ಬಳಿದು, ರುಮಾಲು ತೆಗೆದು, ಬರಿದಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾ ಕೇಳುತ್ತೇನೆ: ಸೂರೇ, ಬಿಡುತ್ತೀಯಾ?

ತಲೆಗೆ ಸುಣ್ಣ ಹತ್ತಿದರೆ ಇಲ್ಲ ಎನ್ನಬೇಕು. ಆಗ ಊರಿನವರು ಕೂಡಿ ಗೋಡೆ ಏರಿಸಿ ಮಾಡು ಎತ್ತಿಕೊಡುತ್ತಾರೆ. ಹತ್ತದಿದ್ದರೆ ಹೌದು ಎನ್ನಬೇಕು. ಹೌದು ಎಂದ ಸೂರನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ, ಅಳೆಯುವಂತಿಲ್ಲ.

ಪ್ರಾಯದಲ್ಲಿ ಹತ್ತು ಅಟ್ಟ ಹತ್ತಿದರೆ ಏಳು ನನ್ನ ತಲೆಗೆ ಸುಣ್ಣ ಬಳಿದು ಕಳಿಸುತ್ತಿದ್ದವು. ಬೇರೆಯವರ ತಲೆಯ ಮೇಲೆ ಸುಣ್ಣ ಕಂಡರೆ ಅದು ನಾಚಿಕೆ. ನನ್ನ ತಲೆಯ ಮೇಲೆ ಕಂಡರೆ ಅದು ಕಿರೀಟ. ನಾನು ಬೀದಿಯಲ್ಲಿ ಬೇಕೆಂದೇ ರುಮಾಲು ಕಂಕುಳಲ್ಲಿಟ್ಟುಕೊಂಡು ನಡೆಯುತ್ತಿದ್ದೆ.

ಆಮೇಲೆ ಏನಾಯಿತೋ, ಸುಣ್ಣ ಹತ್ತುವುದು ಕಡಿಮೆಯಾಯಿತು. ಹತ್ತರಲ್ಲಿ ನಾಲ್ಕು. ಹತ್ತರಲ್ಲಿ ಎರಡು. ಕಡೆಗೆ ಒಂದೂ ಇಲ್ಲ.

"ಈಗಿನ ಬಡಗಿಗಳು ಕೆಲಸ ಕಲಿತರು," ಎಂದು ಚಾವಡಿಯಲ್ಲಿ ಹೇಳಿದೆ. ಜನ ತಲೆದೂಗಿದರು.

ನನ್ನ ಮನೆಯ ಬಾಗಿಲಲ್ಲಿ ದಿನಾ ಹಣೆ ಹೊಡೆಸಿಕೊಳ್ಳುತ್ತಿದ್ದವನು ನಾನು. ಒಂದು ದಿನ ನೋಡುತ್ತೇನೆ, ಹೊಡೆಸಿಕೊಳ್ಳುವುದು ನಿಂತು ಎಷ್ಟೋ ಕಾಲವಾಗಿದೆ. ಆ ದಿನ ಹೊಸಿಲಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಎದ್ದು ಹೊರಗೆ ಬಂದವನೇ ಊರಿಗೆಲ್ಲ ಹೇಳಿದೆ: "ನನ್ನ ಮನೆ ಬೆಳೆದುಬಿಟ್ಟಿದೆ ಕಣ್ರೋ! ಒಳ್ಳೆ ಮರದಿಂದ ಕಟ್ಟಿದ್ದಲ್ಲವಾ, ಬೇರು ಬಿಟ್ಟಿರಬೇಕು." ಜನ ನಕ್ಕರು, ಕೆಲವರು ಬಂದು ಬಾಗಿಲು ಮುಟ್ಟಿ ನೋಡಿಯೂ ಹೋದರು. ಕಂಬದ ಗೀರಿನ ಕೆಳಗೆ ನಿಲ್ಲುವ ದಿನ ಬಂದಾಗ ಕಾಲುನೋವು ಎಂದೆ. ಮರುವರ್ಷ ಕಂಬಕ್ಕೆ ದೃಷ್ಟಿಯಾಗಿದೆ ಎಂದೆ. ಹೀಗೆ ಹನ್ನೆರಡು ವರ್ಷ. ಹನ್ನೆರಡು ವರ್ಷಕ್ಕೆ ಹನ್ನೆರಡು ಕಥೆ, ಒಂದಕ್ಕಿಂತ ಒಂದು ಚಂದ.

ನನಗೆ ಗೊತ್ತಿರಲಿಲ್ಲ ಎನ್ನಲೇ? ಗೊತ್ತಿತ್ತು. ನನ್ನ ಪಂಚೆಗೆ ಗೊತ್ತಿತ್ತು, ಅದು ನೆಲ ಗುಡಿಸುತ್ತಿತ್ತು. ಬಡಗಿಗೂ ಗೊತ್ತಿತ್ತು. ಉಳಿ ಹಿಡಿದು ಅಂದು ಕಂಬಕ್ಕೆ ಗೀರು ಹಾಕಿದವನ ಮಗ ಅವನು.

ಆ ವರ್ಷ ಹೊಳೆ ಏರಿ, ಗೋಡೆಗೆ ತಾಗಿದ್ದ ಒಂದು ಮನೆಯನ್ನು ಕೊಂಡೊಯ್ದಿತು. ಚಾಪೆ ಹೆಣೆಯುವವಳ ಮನೆ. ಅವಳಿಗೆ ಗಂಡ ಇಲ್ಲ, ಮಕ್ಕಳಿಲ್ಲ, ಜೊಂಡುಹುಲ್ಲಿನ ಕಟ್ಟೊಂದನ್ನು ತಲೆಯ ಮೇಲಿಟ್ಟುಕೊಂಡು ಅಣ್ಣನ ಮನೆಗೆ ಬಂದಳು. ಅಣ್ಣ ಕುಂಬಾರ. ಎರಡು ಕೋಣೆಯಲ್ಲಿ ಒಂಬತ್ತು ಜನ, ಉಳಿದ ಜಾಗದಲ್ಲೆಲ್ಲ ಮಡಕೆ. ಅಟ್ಟವೊಂದೇ ಖಾಲಿ. ಅವಳಿಗೆ ಎರಡು ಹುಣ್ಣಿಮೆ ಉಳಿದಿದ್ದವು. ನನ್ನನ್ನು ಕರೆದರು.

ಜಗುಲಿಯ ಮೇಲೆ ಅವಳನ್ನು ನೋಡಿದೆ. ಎದ್ದು ನಿಂತಳು. ಏಳುತ್ತಲೇ ಹೋದಳು. ನನ್ನ ಕಣ್ಣು ಅವಳ ಭುಜದ ಹತ್ತಿರ ನಿಂತುಹೋಯಿತು.

ಬಡಗಿ ಆಗಲೇ ಮೇಲೆ ಹೋಗಿ ಜಂತೆಗಳನ್ನು ತಟ್ಟಿ ನೋಡಿದ್ದ. ಏಣಿಯ ಬುಡದಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದ:

"ಅಣ್ಣಾ, ನೆಲ ಗಟ್ಟಿಯಿದೆ. ಗಾಳಿ ಬೆಳಕಿಗೆ ಮೋಸವಿಲ್ಲ. ಮಾಡು ಮಾತ್ರ ತಗ್ಗು. ಇವತ್ತು ನೀನು ಇಲ್ಲ ಅಂದುಬಿಡು. ಎರಡು ವರಸೆ ಇಟ್ಟಿಗೆ ಏರಿಸಿ ಹುಣ್ಣಿಮೆಯೊಳಗೆ ಮಾಡು ಎತ್ತಿಕೊಡ್ತೀನಿ. ನನ್ನ ಜವಾಬ್ದಾರಿ."

"ಅಳೆಯೋಕೆ ಮುಂಚೆ ಇಲ್ಲ ಅನ್ನಲಾ? ಸುಣ್ಣ ಹೇಳಬೇಕು ಕಣಯ್ಯ, ನೀನಲ್ಲ."

"ಸುಣ್ಣ ಹೇಳುತ್ತೆ. ಆದರೆ ನಿನ್ನ ತಲೆ..." ಎಂದು ನಿಲ್ಲಿಸಿ, ನನ್ನ ಪಂಚೆಯ ಅಂಚು ನೋಡಿದ. "ನೆಲ ಗುಡಿಸ್ತಿದೆ, ಎತ್ತಿ ಕಟ್ಟಿಕೋ. ಏಣಿಯಲ್ಲಿ ಮುಗ್ಗರಿಸೀಯಾ."

ಅವನು ಅಷ್ಟು ಮಾತಾಡದಿದ್ದರೆ ನಾನೇ ಇಲ್ಲ ಎನ್ನುತ್ತಿದ್ದೆನೋ ಏನೋ. ಮೈಯೆಲ್ಲ ಉರಿಯಿತು. ಏಣಿ ಹತ್ತಿದೆ. ನೆಲವೇ, ಹೊರುತ್ತೀಯಾ? ಹೊತ್ತಿತು. ಗಾಳಿಯೇ, ಬರುತ್ತೀಯಾ? ಬಂತು. ಸುಣ್ಣ ಬಳಿದು, ರುಮಾಲು ತೆಗೆದೆ. ಅಷ್ಟರಲ್ಲಿ ಏಣಿಯ ಬಾಯಿಂದ ಅವಳ ಮುಖ ಕಂಡಿತು.

"ಅಜ್ಜಾ, ಇರೋಳು ನಾನಲ್ಲವಾ? ಒಂದು ಗಳಿಗೆ ನಾನೇ ನಿಂತು ನೋಡಲಾ?"

"ನನ್ನ ತಲೆ ಇರುವಾಗ ನಿನ್ನ ತಲೆ ಯಾಕಮ್ಮಾ? ಈ ಊರಿನ ಎತ್ತರ ಇಲ್ಲಿ ನಿಂತಿದೆ!" ಎಂದು ಎದೆ ಬಡಿದುಕೊಂಡೆ.

ಅವಳು ಇಳಿದು ಹೋದಳು. ನಾನು ಆ ಗೋಡೆಯಿಂದ ಈ ಗೋಡೆಗೆ ನಡೆದೆ. ಸೂರೇ, ಬಿಡುತ್ತೀಯಾ? ತೊಲೆಗೂ ನನ್ನ ನೆತ್ತಿಗೂ ನಡುವೆ ಒಂದು ಹಲ್ಲಿ ಆರಾಮವಾಗಿ ಓಡಾಡುವಷ್ಟು ಜಾಗವಿತ್ತು. ಬೆಳಕಿಂಡಿಯಿಂದ ತಲೆ ಹೊರಗೆ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ: "ಹೌದು!"

ಬಡಗಿ ಉಳಿ ಬಾಚಿಗಳನ್ನು ಚೀಲಕ್ಕೆ ಹಾಕಿಕೊಂಡು, ಕುಂಬಾರನ ಮನೆಯವರು ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಹೊರಟುಹೋದ.

ಅವಳು ಅಟ್ಟಕ್ಕೆ ಹತ್ತಿದಳು. ಮೊದಲ ವಾರ ಅವಳ ತಲೆಯ ಮೇಲೆ ಒಂದು ಬಿಳಿ ಗೆರೆ ಕಂಡಿತು. ಎರಡನೆಯ ವಾರ ಬೈತಲೆಯಿಡೀ ಬಿಳಿ. ಹಗಲೆಲ್ಲ ಬಗ್ಗಿ ಹೆಣೆಯುವವಳು, ಎದ್ದಾಗಲಾದರೂ ಬೆನ್ನು ನೆಟ್ಟಗೆ ಮಾಡೋಣವೆಂದರೆ ತೊಲೆ. ಸುಣ್ಣ ಹೊತ್ತ ತಲೆಯಲ್ಲೇ ಚಾಪೆ ಮಾರಲು ಬೀದಿಗೆ ಬರುತ್ತಿದ್ದಳು. ಒರೆಸಿಕೊಳ್ಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ತಪ್ಪು ಮಾಡಿದ್ದರೆ ತಾನೇ ಮುಚ್ಚಿಕೊಳ್ಳುವುದು ಗೊತ್ತಾಗುವುದು?

ಆ ವರ್ಷಗಳಲ್ಲಿ ಊರಿನಲ್ಲಿ ಸೀಗೆಕಾಯಿ ಸಿಗುವುದೇ ಕಷ್ಟವಾಗಿತ್ತು. ಸೀಗೆಕಾಯಿ ಮಾರುವವಳು, "ಈ ಜನಕ್ಕೆ ಎಷ್ಟು ಸಲ ತಲೆ ತೊಳೆಯೋ ಹುಚ್ಚು!" ಎಂದು ಬೆರಗಾಗುತ್ತಿದ್ದಳು. ಅದರ ಅರ್ಥ ಆಮೇಲೆ ಹೇಳುತ್ತೇನೆ.

ಒಂದು ದಿನ ಕುಂಬಾರನ ಹೆಂಡತಿ ಬಾವಿಕಟ್ಟೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. ಸುತ್ತ ಇಪ್ಪತ್ತು ಕೊಡ, ಇಪ್ಪತ್ತು ಹೆಂಗಸರು.

"ಅಜ್ಜಾ, ನೀವು ಹೌದು ಅಂದ ಅಟ್ಟ. ನಮ್ಮ ನಾದಿನಿ ತಲೆಗೆ ಸುಣ್ಣ ಹತ್ತುತ್ತಲ್ಲ, ಯಾಕೆ?"

ಇಪ್ಪತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ಇಪ್ಪತ್ತು ಜನ ಬಾಯಿ ನೋಡುತ್ತಿದ್ದರೆ ನನ್ನ ಬಾಯಿ ಸುಮ್ಮನಿರದು. ಅದೇ ನನ್ನ ರೋಗ.

"ಬೆಳೀತಿದ್ದಾಳೆ ಕಣವ್ವಾ!" ಎಂದೆ. "ಒಳಗೇನೋ ಬಚ್ಚಿಟ್ಟುಕೊಂಡವರು ಹಾಗೇ ಬೆಳೆಯೋದು. ನಾನು ಕಂಡಿದ್ದೀನಿ, ಆಚೆ ಸೀಮೆಯಲ್ಲಿ ಒಬ್ಬಳು ಗುಟ್ಟು ನುಂಗಿ ನುಂಗಿ ಬಾಳೆಗಿಡದ ಹಾಗೆ ರಾತ್ರೋರಾತ್ರಿ ಬೆಳೆದಳು. ಮಲಗಿದರೆ ಕಾಲು ಪಕ್ಕದ ಮನೆಗೆ ಹೋಗೋದು. ಪಕ್ಕದ ಮನೆಯವರು ಅದಕ್ಕೆ ಬಟ್ಟೆ ಒಣಹಾಕ್ತಿದ್ದರು!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಒಬ್ಬಳು, "ಹಾಗಾದರೆ ಏನು ಬಚ್ಚಿಟ್ಟಿರಬಹುದು?" ಎಂದಳು.

ಅಂದಿನಿಂದ ಅವಳ ಚಾಪೆಯನ್ನು ಯಾರೂ ಕೊಳ್ಳಲಿಲ್ಲ. ಅವಳು ಹಾದುಹೋದರೆ ಬಾಗಿಲಲ್ಲಿ ನಿಂತವರು ಅವಳ ನೆತ್ತಿ ನೋಡಿ ಒಳಗೆ ಹೋಗುತ್ತಿದ್ದರು. ಮಾತು ಚಾವಡಿಗೆ ಮುಟ್ಟಿತು. ಇಂಥ ದಿನ ಬಂದು ತಪ್ಪು ಹೇಳಿಕೊಳ್ಳಬೇಕು ಎಂದು ಅವಳಿಗೆ ಹೇಳಿಕಳಿಸಿದರು. ಇಲ್ಲದಿದ್ದರೆ ಊರಬಾಗಿಲು.

ಆ ದಿನದ ಹಿಂದಿನ ದಿನ, ಮಧ್ಯಾಹ್ನ, ಅವಳು ನನ್ನ ಮನೆಗೆ ಬಂದಳು. ಕಂಕುಳಲ್ಲಿ ಸುತ್ತಿದ ಚಾಪೆ.

"ಇದು ನಿಮಗೆ ಅಜ್ಜಾ. ಬೇರೆ ಯಾರೂ ತಗೊಳ್ಳಲ್ಲ," ಎಂದು ಚಾಪೆ ಹಾಸಿ, ತಾನು ಬರಿನೆಲದ ಮೇಲೆ ಕೂತಳು. "ನಾಳೆ ನಾನು ತಪ್ಪು ಹೇಳಬೇಕು. ಹುಡುಕಿ ಹುಡುಕಿ ಸಾಕಾಯ್ತು. ಒಂದು ಸಲ ಒಂದು ಚಾಪೆಯ ಅಂಚನ್ನು ಗಂಟು ಹಾಕದೆ ಬೇಗ ಮುಗಿಸಿಬಿಟ್ಟಿದ್ದೆ, ಅದಿರಬಹುದಾ? ನಮ್ಮವ್ವ ಸಾಯುವಾಗ ನೀರು ಕೇಳಿದಳು, ನಾನು ನಿದ್ದೆ ಹೋಗಿದ್ದೆ. ಅದಾ? ಹೊಳೆ ಮನೆ ತೆಗೆದುಕೊಂಡು ಹೋದಾಗ ಹೊಳೆಗೆ ಬೈದಿದ್ದೆ. ಯಾವುದು ಅಂತ ನೀವೇ ಹೇಳಿ. ನಾನು ಬೆಳೀತಿದ್ದೀನಿ ಅಂತ ನೀವು ಕಂಡುಹಿಡಿದಿರಂತೆ. ಅಷ್ಟು ಕಂಡವರಿಗೆ ಇದೂ ಕಂಡಿರುತ್ತೆ."

ಹನ್ನೆರಡು ವರ್ಷದ ಹನ್ನೆರಡು ಕಥೆಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

"ಏಳು ತಾಯಿ," ಎಂದಷ್ಟೇ ಅಂದೆ.

ಅವಳು ಎದ್ದಳು. ಅಭ್ಯಾಸಬಲದಿಂದ ಬಗ್ಗಿಯೇ ಎದ್ದಳು. ಆಮೇಲೆ ಮೇಲೆ ನೋಡಿದಳು. ನನ್ನ ಮನೆಯ ಸೂರು ಅವಳ ತಲೆಯಿಂದ ಎರಡು ಗೇಣು ಮೇಲಿತ್ತು. ಒಂದೊಂದೇ ಎಲುಬನ್ನು ಎಬ್ಬಿಸುವ ಹಾಗೆ ನಿಧಾನವಾಗಿ ನೆಟ್ಟಗಾದಳು. ಕತ್ತಿನ ನರ ಲಟಕ್ ಎಂದದ್ದು ನನಗೂ ಕೇಳಿಸಿತು. "ಅಬ್ಬಾ!" ಎಂದು ನಕ್ಕಳು, ಚಿಕ್ಕ ಹುಡುಗಿಯ ಹಾಗೆ. ಹಾಗೆ ನಗುತ್ತಲೇ ನನ್ನ ಕಡೆ ನೋಡಿದಳು. ನೋಡಲು ಕಣ್ಣನ್ನು ಬಹಳ ಕೆಳಗೆ ಇಳಿಸಬೇಕಾಯಿತು.

ನಗು ನಿಂತಿತು. ನನ್ನ ನೆತ್ತಿ ನೋಡಿದಳು, ಬಾಗಿಲ ಚೌಕಟ್ಟು ನೋಡಿದಳು, ನೆಲ ಗುಡಿಸುವ ನನ್ನ ಪಂಚೆ ನೋಡಿದಳು. ಅವಳಿಗೆ ತಿಳಿಯಿತು. ತಿಳಿಯಿತೆಂದು ನನಗೂ ತಿಳಿಯಿತು.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಂದು ಕಥೆ ಕಟ್ಟಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಎಷ್ಟೋ ದಿನಗಳ ಮೇಲೆ ಸೂರಿನ ಕೆಳಗೆ ನೆಟ್ಟಗಾಗಿದ್ದ ಆ ಬೆನ್ನನ್ನು ಮತ್ತೆ ಬಗ್ಗಿಸಿದಳು. ನನ್ನ ಕಣ್ಣಿಗೆ ತನ್ನ ಕಣ್ಣು ಸಮನಾಗುವಷ್ಟು, ನಾನು ಕುಳ್ಳನೆಂದು ಕಾಣದಿರುವಷ್ಟು ಬಗ್ಗಿ, "ಬರ್ತೀನಿ ಅಜ್ಜಾ. ಹೊಳೆಗೆ ಬೈದದ್ದು ಅಂತಲೇ ಹೇಳ್ತೀನಿ ಬಿಡಿ," ಎಂದಳು.

ನಾನು ಬಹಳ ದೊಡ್ಡ ದೊಡ್ಡ ಮಾತು ಆಡಿದವನು. ಆ ಗಳಿಗೆಯಲ್ಲಿ ನಾನು ಎಷ್ಟು ಚಿಕ್ಕವನಾದೆ ಎಂದು ಹೇಳಲು ನನ್ನ ಹತ್ತಿರ ಮಾತಿಲ್ಲ. ಹಾಸಿದ ಚಾಪೆಯ ಮೇಲೆ ಕೂರಲು ಆಗಲಿಲ್ಲ. ಅದರ ಅಂಚನ್ನು ನೋಡಿದೆ. ಗಂಟುಗಳು ಒಂದೂ ತಪ್ಪಿರಲಿಲ್ಲ.

ಮಾರನೆಯ ದಿನ ಚಾವಡಿಯ ಮುಂದೆ ಊರೇ ಸೇರಿತ್ತು. ಅವಳು ನಡುವೆ ನಿಂತು, "ನಾನು ಹೊಳೆಗೆ..." ಎಂದು ಬಾಯಿ ತೆರೆದಳು. ನಾನು ಜನರನ್ನು ಸರಿಸಿಕೊಂಡು ಕಂಬದ ಹತ್ತಿರ ಹೋದೆ. ರುಮಾಲು ತೆಗೆದೆ. ಕಂಬಕ್ಕೆ ಬೆನ್ನು ಕೊಟ್ಟೆ.

"ಬಡಗಿ, ಪಟ್ಟಿ ಇಡಪ್ಪಾ," ಎಂದೆ.

ಬಡಗಿ ಮುಂದೆ ಬಂದ. ಮರದ ಪಟ್ಟಿಯನ್ನು ನನ್ನ ನೆತ್ತಿಯ ಮೇಲಿಟ್ಟು ಕಂಬಕ್ಕೆ ಒತ್ತಿ ಹಿಡಿದ.

"ಎಷ್ಟಿದೆ? ಜೋರಾಗಿ ಹೇಳು."

"ಒಂದು ಗೇಣು ಕಮ್ಮಿ ಇದೆ ಅಣ್ಣಾ," ಎಂದ. ಜೋರಾಗಿ ಹೇಳಲು ಅವನಿಂದಾಗಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

ಯಾರೋ ಕಿಸಕ್ಕನೆ ನಕ್ಕರು. ನನ್ನ ಕಥೆ ಶುರುವಾಯಿತು ಎಂದುಕೊಂಡಿರಬೇಕು, ಪಾಪ.

"ಅವಳು ಬೆಳೆದಿಲ್ಲ," ಎಂದೆ. "ನಾನು ಕುಗ್ಗಿದ್ದೀನಿ. ಹನ್ನೆರಡು ವರ್ಷದಿಂದ ಕುಗ್ತಾ ಇದ್ದೀನಿ. ಗೊತ್ತಿದ್ದೂ ಹತ್ತೊಂಬತ್ತು ಅಟ್ಟಕ್ಕೆ ಹೌದು ಅಂದೆ. ಬಾವಿಕಟ್ಟೆಯಲ್ಲಿ ಹೇಳಿದ್ದೂ ಸುಳ್ಳು. ಅವಳು ಏನನ್ನೂ ಬಚ್ಚಿಟ್ಟಿಲ್ಲ. ಬಚ್ಚಿಟ್ಟವನು ನಾನು."

ಆಮೇಲೆ ಗಾಣದವನು ತನ್ನ ರುಮಾಲನ್ನು ಮೆಲ್ಲಗೆ ತೆಗೆದ. ಅವನ ನೆತ್ತಿಯ ಮೇಲೆ ಒಂದು ಬಿಳಿ ಗೆರೆ. ಅವನ ಪಕ್ಕದಲ್ಲಿ ಹೂ ಕಟ್ಟುವವಳು ಸೆರಗು ಸರಿಸಿದಳು. ಬಿಳಿ ಗೆರೆ. ಒಬ್ಬೊಬ್ಬರಾಗಿ ಉಳಿದ ಹದಿನೆಂಟು ಅಟ್ಟದವರೂ ತೆಗೆದರು. ದಿನಾ ಬೆಳಿಗ್ಗೆ ಕದ್ದು ತಲೆ ತೊಳೆದು, ತೊಳೆದರೂ ಹೋಗದ ಗೆರೆಯನ್ನು ಮುಚ್ಚಿಕೊಂಡು ಬೀದಿಗೆ ಬರುತ್ತಿದ್ದವರು, ತಮ್ಮೊಬ್ಬರ ತಲೆಗೇ ಹತ್ತುತ್ತಿದೆ, ತಾವೇ ಏನೋ ತಪ್ಪು ಮಾಡಿದ್ದೇವೆ ಎಂದು ವರ್ಷಗಟ್ಟಲೆ ನಡುಗಿದವರು. ಅವಳ ಚಾಪೆ ಬೇಡವೆಂದವರಲ್ಲಿ ಅವರೂ ಇದ್ದರು.

"ಅಯ್ಯೋ, ಸೀಗೆಕಾಯಿ ಹೋದದ್ದು ಇದಕ್ಕಾ!" ಎಂದು ಹಿಂದಿನಿಂದ ಮಾರುವವಳು ಕೂಗಿದಳು. ಆಗ ಊರು ನಕ್ಕಿತು. ನಾನು ನಗಲಿಲ್ಲ.

ನನ್ನನ್ನು ಊರಬಾಗಿಲಿಗೆ ಕಳಿಸಿ ಎಂದೆ. ಕಳಿಸಲಿಲ್ಲ. ತಪ್ಪು ಹೇಳಿಕೊಂಡವನನ್ನು ಕಳಿಸುವ ಕಟ್ಟಳೆ ಇಲ್ಲ, ಹೇಳಿಕೊಂಡದ್ದೇ ದೊಡ್ಡ ಶಿಕ್ಷೆ. ಆಗ ನನ್ನ ಮನೆಯ ಬೀಗದ ಕೈಯನ್ನು ಚಾಪೆ ಹೆಣೆಯುವವಳ ಕೈಗಿಟ್ಟು, ಅವಳ ಅಟ್ಟವನ್ನು ನಾನು ಕೇಳಿ ಪಡೆದೆ. ಹದಿನೆಂಟು ಅಟ್ಟಗಳ ಮಾಡನ್ನು ಬಡಗಿ ಎತ್ತಿದ. ಹತ್ತೊಂಬತ್ತನೆಯದಕ್ಕೆ ಇಟ್ಟಿಗೆ ತಂದಾಗ, ಬೇಡಪ್ಪಾ, ಹೀಗೇ ಇರಲಿ ಎಂದೆ.

ಊರಿನವರು ಅಳತೆಗಾರನ ಕೆಲಸವನ್ನು ಅವಳಿಗೇ ಕೊಡಲು ಹೋದರು. ಅವಳಷ್ಟು ಎತ್ತರ ಇನ್ಯಾರೂ ಇಲ್ಲವಲ್ಲ. "ನನ್ನ ತಲೆ ಯಾಕೆ? ಇರೋರೇ ನಿಂತು ನೋಡಲಿ," ಎಂದಳಂತೆ. ಈಗ ಹಾಗೆಯೇ ನಡೆಯುತ್ತಿದೆ. ಯಾರು ಇರುತ್ತಾರೋ ಅವರ ಕೈಗೇ ಸುಣ್ಣದ ಬಟ್ಟಲು.

ನಾನು ಈ ಅಟ್ಟದಲ್ಲಿದ್ದೇನೆ. ಊರಿಗೆಲ್ಲ ಇಲ್ಲಿ ನೆಟ್ಟಗೆ ನಿಲ್ಲಬಲ್ಲ ದೊಡ್ಡವನು ನಾನೊಬ್ಬನೇ. ಬೆಳಿಗ್ಗೆ ಎದ್ದು ಕಾಲು ತೊಳೆದುಕೊಳ್ಳುತ್ತೇನೆ. ಹಿಮ್ಮಡಿಯಿಂದ ಮೂರು ಸಲ ಗುದ್ದುತ್ತೇನೆ. ನೆಲವೇ, ಹೊರುತ್ತೀಯಾ? ಹೊರುತ್ತದೆ. ಗಾಳಿಯೇ, ಬರುತ್ತೀಯಾ? ಬರುತ್ತದೆ. ತೊಲೆಗೆ ಹಸಿ ಸುಣ್ಣ ಬಳಿದು ಬರಿದಲೆಯಲ್ಲಿ ನಡೆಯುತ್ತೇನೆ. ಸೂರೇ, ಬಿಡುತ್ತೀಯಾ?

ಬಿಡುತ್ತದೆ. ದಿನದಿಂದ ದಿನಕ್ಕೆ ಇನ್ನಷ್ಟು ಬಿಡುತ್ತದೆ.

"ಅಜ್ಜಾ, ಮುದ್ದೆ ಆರಿಹೋಗ್ತಿದೆ!" ಎಂದು ಕುಂಬಾರನ ಹೆಂಡತಿ ಕೆಳಗಿನಿಂದ ಕೂಗುತ್ತಾಳೆ. "ಅಷ್ಟು ಹೊತ್ತಿಂದ ಏನು ಮಾಡ್ತಿದ್ದೀರಿ ಅಲ್ಲಿ?"

"ಬಂದೆ ಕಣವ್ವಾ," ಎನ್ನುತ್ತೇನೆ.

ಏನು ಮಾಡುತ್ತಿದ್ದೇನೆ ಎಂದು ಅವಳಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಗೋಡೆ ಹಿಡಿದುಕೊಂಡು ತುದಿಗಾಲಿನ ಮೇಲೆ ನಿಂತಿದ್ದೇನೆ. ಕತ್ತು ಚಾಚಿದ್ದೇನೆ. ಸುಣ್ಣ ಇನ್ನೂ ಒಂದು ಗೇಣು ಮೇಲಿದೆ.